ನಾಯಿಗೆ ಬೂಟು ಬೇಕಾ? ಕೊಲರಾಡೋ ಬೆಟ್ಟಗಳಲ್ಲಿ ಕೆಲವು ಬೇಸಿಗೆ ಬಳಸಿದ ಮೇಲೆ

ನಮ್ಮ ಗುಂಡ 30 ಕೆಜಿ ತೂಗುವ ಲ್ಯಾಬ್ರಡಾರ್ ಮಿಶ್ರತಳಿ. ನಾವಿರುವುದು ಡೆನ್ವರ್‌ನಲ್ಲಿ. ಬೇಸಿಗೆ ಬಂತೆಂದರೆ ಟೆಂಟು ಹೊತ್ತು ಅವನನ್ನೂ ಕರೆದುಕೊಂಡು ಬೆಟ್ಟ ಹತ್ತುತ್ತೇವೆ. ದಾರಿಯಲ್ಲಿ ಸಿಗುವವರೆಲ್ಲ ಕೇಳುವುದು ಅವನ ಬೂಟಿನ ಬಗ್ಗೆ. ರಬ್ಬರ್ ತಳ, ಗಾಳಿಯಾಡುವ ಬಟ್ಟೆ, ಕಾಲಿಗೆ ಬಿಗಿಯಲು ವೆಲ್ಕ್ರೋ ಪಟ್ಟಿ. ನಾಲ್ಕರ ಸೆಟ್‌ಗೆ 80 ಡಾಲರ್ ಆಸುಪಾಸು.

ಸುಮ್ನೆ ಶೋಕಿ ಅಂತ ನಗುವವರಿದ್ದಾರೆ. ಇಲ್ಲಿ ಸುಮಾರು 11,500 ಅಡಿ ದಾಟಿದರೆ ಮರಗಳು ಮುಗಿಯುತ್ತವೆ. ಮೇಲೆ ಹೋದಂತೆ ಚೂಪಾಗಿ ಒಡೆದ ಕಲ್ಲು ಜಾಸ್ತಿ. 2012ರ ಆಗಸ್ಟ್‌ನಲ್ಲಿ ಮೌಂಟ್ ಬಿಯರ್‌ಸ್ಟಾಟ್ ಪಕ್ಕದ ಏಣಿನಲ್ಲಿ ಮಿಸ್ಸಿ ಎಂಬ ಜರ್ಮನ್ ಶೆಫರ್ಡ್ ಅಂಗಾಲು ಕಿತ್ತುಹೋಗಿ ನಡೆಯಲಾಗದೆ ದಿನಗಟ್ಟಲೆ ಅಲ್ಲೇ ಉಳಿದಿತ್ತು. ಕೊನೆಗೆ ಸ್ವಯಂಸೇವಕರು ಹೋಗಿ, ಬ್ಯಾಕ್‌ಪ್ಯಾಕಿನಲ್ಲಿ ಹೊತ್ತು ಕೆಳಗಿಳಿಸಿದರು. ಅಂಥ ಕಡೆ ಗುಂಡನನ್ನು ಹೊತ್ತು ಇಳಿಯುವ ಶಕ್ತಿ ನನಗಂತೂ ಇಲ್ಲ.

ಹಾಗಂತ ಇಡೀ ದಿನ ಹಾಕಿಸಬೇಡಿ. ನಾಯಿ ಬೆವರುವುದೇ ಪಾದದಲ್ಲಿ. ಕಾಡಿನ ಮಣ್ಣುದಾರಿಯಲ್ಲಿ ಬರಿಗಾಲೇ ಸರಿ. ನುಣುಪಾದ ಬಂಡೆ ಏರುವಾಗಲೂ ಬಿಚ್ಚುತ್ತೇನೆ, ಅಲ್ಲಿ ಅವನಿಗೆ ಉಗುರಿನ ಹಿಡಿತ ಬೇಕು. ಚೂಪುಕಲ್ಲು ಶುರುವಾದರೆ ಮಾತ್ರ ಬೂಟು. ತೊರೆ ದಾಟಿದ ಮೇಲೆ ಬಿಚ್ಚಿ, ಬೂಟಿನೊಳಗಿನ ನೀರು ಚೆಲ್ಲಿ, ಪಾದ ಒರೆಸಿ ಮತ್ತೆ ಹಾಕಬೇಕು. ಒದ್ದೆ ಬೂಟಿನಲ್ಲೇ ನಡೆಸಿದರೆ ಬೊಬ್ಬೆ ಬರುತ್ತದೆ. ಇದು ಬೇಜಾರಿನ ಕೆಲಸ, ಒಪ್ಪುತ್ತೇನೆ.

ಅಳತೆಯಲ್ಲೇ ಎಲ್ಲ ಇದೆ. ನಾಯಿಯ ಮುಂಗಾಲು ಹಿಂಗಾಲಿಗಿಂತ ಅಗಲ. ಕಾಗದದ ಮೇಲೆ ಒಂದು ಕಾಲು ಇಡಿಸಿ, ಪಕ್ಕದ ಕಾಲನ್ನು ಎತ್ತಿ ಹಿಡಿಯಿರಿ. ಭಾರ ಬಿದ್ದು ಪಾದ ಹರಡಿದಾಗ ಅಳೆಯಿರಿ. ಒಂದೇ ಸೈಜಿನ ನಾಲ್ಕು ಕೊಂಡರೆ ಹಿಂದಿನವು ಕಳಚಿಬೀಳುತ್ತವೆ. ಮುಂಗಾಲಿನ ಒಳಬದಿಯಲ್ಲಿರುವ ಹೆಚ್ಚುವರಿ ಉಗುರಿಗೆ ಪಟ್ಟಿ ಉಜ್ಜಿ ಗಾಯವಾಗುತ್ತದೆ. ನಾನು ಅಲ್ಲಿಗೆ ಪಶುವೈದ್ಯರು ಬಳಸುವ, ತನಗೆ ತಾನೇ ಅಂಟುವ ಬ್ಯಾಂಡೇಜನ್ನು ಒಂದು ಸುತ್ತು ಸುತ್ತುತ್ತೇನೆ. ತುಂಬಾ ಬಿಗಿಯಬಾರದು.

ರಾತ್ರಿಯದ್ದು ಬೇರೆಯೇ ಕಥೆ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಹೊತ್ತಿಗೆ ಸಿಡಿಲು ಶುರುವಾಗುತ್ತದೆ, ಹಾಗಾಗಿ ಟೆಂಟು ಮರಗಳು ಮುಗಿಯುವ ಎತ್ತರಕ್ಕಿಂತ ಕೆಳಗೇ. ಅಲ್ಲೂ ಬೆಳಗಿನ ಜಾವ ನೀರು ಹೆಪ್ಪುಗಟ್ಟುವುದುಂಟು. ಒದ್ದೆ ಬೂಟನ್ನು ಹೊರಗೆ ಬಿಟ್ಟರೆ ಬೆಳಿಗ್ಗೆ ಹಲಗೆಯಾಗಿರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸ್ಲೀಪಿಂಗ್ ಬ್ಯಾಗಿನ ಕಾಲಬದಿಗೆ ತಳ್ಳುತ್ತೇನೆ. ವಾಸನೆ ಇರುತ್ತದೆ, ಸಹಿಸಿಕೊಳ್ಳಬೇಕು. ದುಡ್ಡು ಕಡಿಮೆ ಇದ್ದರೆ ನಾಯಿಯ ಜಾಕೆಟ್ ಬಿಡಿ, ಕೆಳಗೆ ಹಾಸಲು ಒಂದು ಫೋಮ್ ಚಾಪೆ ಕೊಳ್ಳಿ. ಚಳಿ ಬರುವುದು ನೆಲದಿಂದ ತಾನೇ?

ಒಂದು ವಿಷಯ ತಿಳಿದಿರಲಿ. ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನ ಕಾಲುದಾರಿಗಳಲ್ಲಿ ನಾಯಿಗೆ ಪ್ರವೇಶವಿಲ್ಲ. ಅದರ ದಕ್ಷಿಣಕ್ಕೇ ಇರುವ ಇಂಡಿಯನ್ ಪೀಕ್ಸ್‌ನಲ್ಲಿ ಬಿಡುತ್ತಾರೆ, ಆದರೆ ಬೆಲ್ಟು ಕೈಯಲ್ಲೇ ಇರಬೇಕು.

ಬಾಳಿಕೆಗೆ ಐದರಲ್ಲಿ ಮೂರೂವರೆ ಕೊಡುತ್ತೇನೆ. ತಳ ಗಟ್ಟಿ. ಆದರೆ ಮುಂದಿನ ಬೂಟುಗಳ ತುದಿ ಉಗುರು ತಾಗಿ ಬೇಗ ತೂತಾಗುತ್ತದೆ. ನಾನು ಕೊಂಡ ಕಂಪನಿ ನಾಲ್ಕರ ಸೆಟ್ಟೇ ಕೊಡುತ್ತದೆ, ಹಿಂದಿನವು ಹೊಸದಾಗಿಯೇ ಮನೆಯಲ್ಲಿ ಬಿದ್ದಿವೆ. ಜೋಡಿಯಾಗಿ ಮಾರುವವರ ಹತ್ತಿರ ಕೊಳ್ಳಿ. ಕೆಂಪೋ ಕಿತ್ತಳೆಯೋ ಇರಲಿ. ಬೂದು ಬಣ್ಣದ ಬೂಟು ಕಲ್ಲುಗಳ ನಡುವೆ ಬಿದ್ದರೆ ಹುಡುಕುವ ಆಸೆಯನ್ನೇ ಬಿಡಿ.