ಹೊಳೆಯ ಕೊರಡು, ಕಡಲ ಕೊರಡು, ಅಂಗಡಿಯ ಕೊರಡು: ಮೀನಿನ ಟ್ಯಾಂಕಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನಗೆ ಹೊಳೆಯ ಕೊರಡೇ ಸೈ. ಎರಡಡಿಯ ಟ್ಯಾಂಕು, 55 ಲೀಟರು ಬಾವಿ ನೀರು, ಒಂದು ಹಿಂಡು ನಿಯಾನ್ ಟೆಟ್ರಾ, ಕೆಂಪು ಚೆರ್ರಿ ಸಿಗಡಿ. ಇಷ್ಟಕ್ಕೆ ಮೂರೂ ಬಗೆಯ ಮರವನ್ನು ಹದಮಾಡಿ ಇಟ್ಟು ನೋಡಿದ ಮೇಲೆ ಬರೆದದ್ದು ಇದು.

ಅಂಗಡಿಯದ್ದು ಸ್ಪೈಡರ್ ವುಡ್, 900 ರೂಪಾಯಿ. ಕವಲು ಕವಲಾಗಿ ಹರಡಿ ನೋಡಲು ಚೆಂದ, ನೀರಿಗೆ ಬಣ್ಣವೂ ಅಷ್ಟಾಗಿ ಬಿಡುವುದಿಲ್ಲ. ಆದರೆ 'ತೊಳೆದು ನೇರ ಹಾಕಿ' ಎಂದು ಕೊಟ್ಟ ಮರ ಮೂರು ವಾರ ತೇಲಿತು. ಆಮೇಲೆ ಮೈತುಂಬ ಲೋಳೆಯಂಥ ಬಿಳಿ ಬೂಷ್ಟು. ಈ ಬೂಷ್ಟಿನಿಂದ ಮೀನಿಗೆ ತೊಂದರೆಯಿಲ್ಲ, ಸಿಗಡಿಗಳು ಮುತ್ತಿಕೊಂಡು ತಿನ್ನುತ್ತವೆ, ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಹೇಗೂ ನೆನೆಹಾಕಲೇಬೇಕು ಎಂದಾದರೆ ದುಡ್ಡು ಕೊಡುವುದು ಯಾಕೆ ಎಂಬುದಷ್ಟೇ ನನ್ನ ತಕರಾರು.

ಹೆಚ್ಚು ಸತಾಯಿಸಿದ್ದು ಕಡಲ ಕೊರಡು. ಕಾಸರಗೋಡಿನ ಕಡಲತೀರದ ಕುಂಬಳೆ, ಮೊಗ್ರಾಲ್ ಕಡೆ ಮಳೆಗಾಲ ಮುಗಿದ ಮೇಲೆ ದಂಡೆಯುದ್ದಕ್ಕೂ ಬಿದ್ದಿರುತ್ತದೆ, ಬಿಸಿಲಿಗೆ ಬೆಳ್ಳಗಾಗಿ, ಮೈಯೆಲ್ಲ ತೂತು ತೂತಾಗಿ. ಆ ತೂತುಗಳ ಚೆಂದಕ್ಕೇ ಜನ ಮರುಳಾಗುವುದು. ಉಪ್ಪು ತೆಗೆಯುವುದು ಕಷ್ಟವೇನಲ್ಲ. 100 ಲೀಟರಿನ ಡ್ರಮ್ಮಿನಲ್ಲಿ ಮುಳುಗಿಸಿ ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು. ಬಾವಿ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಅಳತೆ) 60 ಇತ್ತು, ಮೊದಲ ಸಲ ಡ್ರಮ್ಮಿನ ನೀರು 1000 ದಾಟಿತು, ಮೂರು ವಾರಕ್ಕೆ 80ರ ಹತ್ತಿರ ಬಂತು. ಉಪ್ಪು ಹೋಯಿತು ಎಂದು ಟ್ಯಾಂಕಿಗೆ ಇಳಿಸಿದ್ದಾಯಿತು.

ಆಮೇಲೆ ಟಿಡಿಎಸ್ ಮತ್ತೆ ಏರತೊಡಗಿತು. ಉಪ್ಪಿನ ಹಾಗೆ ಒಮ್ಮೆಲೇ ಅಲ್ಲ, ವಾರಕ್ಕಿಷ್ಟು. ಜೊತೆಗೆ 6.4 ಇದ್ದ ಪಿಎಚ್ (ನೀರಿನ ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ) 7.6ಕ್ಕೆ ಹೋಯಿತು. ಮರ ಹಾಕಿದರೆ ಪಿಎಚ್ ಇಳಿಯಬೇಕು, ಏರಬಾರದು. ಒಂದು ತುಂಡನ್ನು ಗರಗಸದಿಂದ ಸೀಳಿದಾಗ ಗುಟ್ಟು ತಿಳಿಯಿತು. ತೂತಿನ ಒಳಗೋಡೆಗೆಲ್ಲ ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗೆ ಬಿಳಿ ಲೇಪ, ಕೊಳವೆಯ ಹಾಗೆ. ಮರ ಕೊರೆಯುವ ಕಡಲ ಹುಳುವಿನ ಕೆಲಸ ಅದು. ಹುಳು ಎನ್ನುತ್ತೇವೆ, ನಿಜಕ್ಕೆ ಅದು ಚಿಪ್ಪಿನ ಜಾತಿ, ನಮ್ಮ ಮರುವಾಯಿಯ ನೆಂಟ. ಕೊರೆಯುತ್ತ ಹೋದಂತೆ ಬಿಲಕ್ಕೆ ಸುಣ್ಣ ಬಳಿಯುತ್ತದೆ. ಆ ಲೇಪದ ಮೇಲೆ ಒಂದು ತೊಟ್ಟು ವಿನೆಗರ್ ಬಿಟ್ಟರೆ ಬುಸಬುಸ ನೊರೆ ಬರುತ್ತದೆ. ಎಷ್ಟು ಬೇಯಿಸಿದರೂ ಈ ಸುಣ್ಣ ಹೋಗದು. ವಿನೆಗರ್‌ನಲ್ಲಿ ನೆನೆಸಿದರೂ ಒಂದು ಗೇಣು ಆಳದ ಬಿಲದ ತುದಿಯವರೆಗೆ ಕರಗಿತೋ ಇಲ್ಲವೋ ನೋಡುವ ದಾರಿಯಿಲ್ಲ. ಗಪ್ಪಿ, ಮೋಲಿ ಸಾಕುವವರಿಗೆ ಇದು ದೋಷವಲ್ಲ, ಅವಕ್ಕೆ ಗಡಸು ನೀರೇ ಹಿತ. ಟೆಟ್ರಾಕ್ಕೆ ಆಗಿಬರುವುದಿಲ್ಲ.

ಇನ್ನು ಹಳೇ ದೋಣಿಯ ಹಲಗೆ ಬೇಡವೇ ಬೇಡ, ಮೀನೆಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಕುಡಿದಿರುತ್ತದೆ. ಅಳಿವೆಯ ಕಾಂಡ್ಲಾ ಗಿಡದ ಬೇರಿಗೂ ಕೈಹಾಕಬೇಡಿ. ಕೆಸರಿನಿಂದ ಮೇಲೆದ್ದು ಒಣಗಿದ ಕಡ್ಡಿಯಂತೆ ಕಾಣುವುದು ಆ ಗಿಡ ಉಸಿರಾಡುವ ಬೇರು.

ಹೊಳೆಯದ್ದಕ್ಕೆ ಬರೋಣ. ಪಯಸ್ವಿನಿಯೋ ಶಿರಿಯವೋ, ನೆರೆ ತಂದು ದಡಕ್ಕೆ ಹಾಕಿದ ಕೊರಡು ಜನವರಿಯ ಹೊತ್ತಿಗೆ ಒಣಗಿ ಸಿಗುತ್ತದೆ. ಉಪ್ಪು ನೀರು ಏರದ ಜಾಗದಿಂದಲೇ ತರಬೇಕು. ಮೆದು ಭಾಗವನ್ನು ನೀರೇ ಸವೆಸಿ ತಿರುಳು ಉಳಿಸಿರುತ್ತದೆ. ಉಗುರು ಒತ್ತಿದರೆ ಇಳಿಯಬಾರದು. ಹುಣಸೆ, ಪೇರಳೆ ಒಳ್ಳೆಯವು. ಹಲಸು ಹಳದಿ ಬಿಡುತ್ತದೆ, ರಬ್ಬರ್ ಮರ ಬೇಗ ಕೊಳೆಯುತ್ತದೆ, ಗೇರಿನ ಸೊನೆ ಕೈಯನ್ನೇ ಸುಡುತ್ತದೆ. ಕಾಸರಗೋಡಿಗೆ ಹೆಸರು ಬಂದದ್ದೇ ಇದರಿಂದ ಎಂದು ಹಲವರು ಹೇಳುವ ಕಾಸರಕದ ಮರ ಗಟ್ಟಿ, ಗೆದ್ದಲು ಮುಟ್ಟದು, ಆದರೆ ವಿಷ. ಯಾವ ಮರವೆಂದು ಗುರುತು ಸಿಗದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅಡಿಕೆ ತೋಟದೊಳಗೆ ಬಿದ್ದ ಕೊರಡೂ ಬೇಡ. ಕೊಳೆರೋಗಕ್ಕೆ ಬಿಡುವ ಮದ್ದಿನಲ್ಲಿ ಮೈಲುತುತ್ತು ಇದೆ, ಅಂದರೆ ತಾಮ್ರ. ಮೀನು ತಡೆದೀತು, ಸಿಗಡಿ ತಡೆಯದು.

ಅದೇ ಕಾರಣಕ್ಕೆ ಬಚ್ಚಲಿನ ತಾಮ್ರದ ಹಂಡೆಯಲ್ಲಿ ಮರ ಬೇಯಿಸಬಾರದು. ಮರ ಬಿಡುವ ಒಗರು ನೀರು ಹುಳಿ, ತಾಮ್ರವನ್ನು ಎಳೆದುಕೊಳ್ಳುತ್ತದೆ. ಸ್ಟೀಲಿನ ದೊಡ್ಡ ಪಾತ್ರೆ ಸಾಕು. ತೊಗಟೆ ಕಿತ್ತು, ತಂತಿ ಬ್ರಷ್ಷಿನಲ್ಲಿ ಉಜ್ಜಿ (ಸೋಪು ಮುಟ್ಟಿಸದೆ), ಡ್ರಮ್ಮಿನಲ್ಲಿ ಕರಿಕಲ್ಲು ಹೇರಿ ಮೂರು ನಾಲ್ಕು ವಾರ ನೆನೆಯಬೇಕು, ಮೂರು ದಿನಕ್ಕೊಮ್ಮೆ ಹೊಸ ನೀರು. ಕೊನೆಗೆ ಒಂದು ಗಂಟೆ ಕುದಿತ, ಅದೂ ಒಂದೇ ಸಲ. ದಿನಗಟ್ಟಲೆ ಬೇಯಿಸಿದರೆ ಮರವೇ ಮೆದುವಾಗಿ ಬೇಗ ಕರಗುತ್ತದೆ. ಪಾತ್ರೆಗೆ ಹಿಡಿಯದ ಕೊರಡಿಗೆ ಕುದಿನೀರು ಹೊಯ್ದರಾಯಿತು. ನಾಲ್ಕು ವಾರದ ಮೇಲೂ ತೇಲಿದರೆ ಅಡಿಗೆ ಚಪ್ಪಟೆ ಕರಿಕಲ್ಲಿನ ತುಂಡು ಇಟ್ಟು ಸ್ಟೀಲ್ ಸ್ಕ್ರೂ ಹಾಕಿ, ಮರಳಲ್ಲಿ ಹೂತುಬಿಡಿ.

ಇದಕ್ಕೂ ಒಂದು ಕುಂದಿದೆ. ಮುರಕಲ್ಲಿನ ಬಾವಿಯ ನೀರು ಮೊದಲೇ ಮೆದು, ಹುಳಿಯ ಕಡೆ. ಚಹಾ ಬಣ್ಣ ಬಿಡುವ ಮರ ಸೇರಿದರೆ ಪಿಎಚ್ ಇನ್ನೂ ಕುಸಿಯುತ್ತದೆ, 6ಕ್ಕಿಂತ ಕೆಳಗೆ ಹೋದರೆ ಸಿಗಡಿಯ ಚಿಪ್ಪು ಸೊರಗುತ್ತದೆ. ನಾಲ್ಕೈದು ಮರುವಾಯಿ ಚಿಪ್ಪನ್ನು ತೊಳೆದು, ಬೇಯಿಸಿ, ಪುಡಿಮಾಡಿ ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿ ಇಟ್ಟರೆ ಸರಿಹೋಗುತ್ತದೆ. ಕಡಲ ಕೊರಡಿನಲ್ಲಿದ್ದದ್ದೂ ಇದೇ ಸುಣ್ಣ. ಇಲ್ಲಿ ಮಾತ್ರ ಪಿಎಚ್ 6.8 ದಾಟಿದ ದಿನ ಗಂಟನ್ನು ಎತ್ತಿ ಹೊರಗಿಡಬಹುದು.