ನಾಲ್ಕು ಮಳೆಗಾಲ ಕಂಡ ರಿಮ್ಮುಗಳು: ಪೌಡರ್ ಕೋಟಿಂಗ್ ಮತ್ತು ತುಕ್ಕಿನ ಮದ್ದು, ಎರಡರ ಅನುಭವ

ಕಾಸರಗೋಡು ಜಿಲ್ಲೆಯ ನೀರ್ಚಾಲಿನಿಂದ ಕುಂಬಳೆಗೆ ದಿನವೂ ಹೋಗಿ ಬರುವ ಸಣ್ಣ ಕಾರು ನಮ್ಮದು. ಮನೆ ಅಡಿಕೆ ತೋಟದ ನಡುವೆ, ಅಂಗಡಿ ಕಡಲಿನ ಹತ್ತಿರ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಸೀಮೆಯಲ್ಲಿ ಬೆಳಿಗ್ಗೆ ತೋಟದ ಕೆಸರನ್ನೂ ಹಗಲಿಡೀ ಉಪ್ಪುಗಾಳಿಯನ್ನೂ ತಿನ್ನುವ ಉಕ್ಕಿನ ರಿಮ್ಮಿಗೆ ತುಕ್ಕು ಹಿಡಿಯದೆ ಇನ್ನೇನಾದೀತು? ಪ್ಲಾಸ್ಟಿಕ್ಕಿನ ವೀಲ್ ಕಪ್ ಮುಚ್ಚಿಕೊಂಡಿದ್ದರಿಂದ ಆರು ವರ್ಷ ನನಗದು ಕಾಣಲಿಲ್ಲ, ಅಷ್ಟೆ.

ಕಂಡದ್ದು ಗಾಳಿಯ ನೆಪದಿಂದ. 30 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿಸಿದ ಎಡ ಹಿಂಬದಿಯ ಟಯರು ವಾರದೊಳಗೆ 20ಕ್ಕೆ ಇಳಿಯುತ್ತಿತ್ತು. ಪಂಕ್ಚರ್ ಅಂಗಡಿಯ ಹುಡುಗ ಅದನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸಿ ನೋಡಿದ. ಮೊಳೆಯೂ ಇಲ್ಲ, ತೂತೂ ಇಲ್ಲ. ಆದರೆ ಟಯರಿನ ಅಂಚು ರಿಮ್ಮಿಗೆ ಒತ್ತಿ ಕೂರುವ ಜಾಗದಿಂದ ಗೇಣುದ್ದಕ್ಕೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಟಯರು ಕಳಚಿದಾಗ ಅಲ್ಲಿ ತುಕ್ಕು ಹಪ್ಪಳದಂತೆ ಎದ್ದು ನಿಂತಿತ್ತು. ಉಗುರು ತಾಗಿಸಿದರೆ ಪದರ ಪದರವಾಗಿ ಬಂತು. “ಟ್ಯೂಬ್‌ಲೆಸ್ಸಿಗೆ ರಿಮ್ಮೇ ಟ್ಯೂಬು ಅಣ್ಣ, ಹೊರಗಿನಿಂದ ಬಣ್ಣ ಬಳಿದರೆ ಗಾಳಿ ನಿಲ್ಲುವುದಿಲ್ಲ” ಎಂದ.

ಇದು 2022ರ ಏಪ್ರಿಲಿನ ಮಾತು. ಎರಡು ರಿಮ್ಮುಗಳನ್ನು ಮಂಗಳೂರಿನ ಒಂದು ಕಡೆ ಪೌಡರ್ ಕೋಟಿಂಗಿಗೆ ಕೊಟ್ಟೆ, ಇನ್ನೆರಡನ್ನು ಮನೆಯ ಅಂಗಳದಲ್ಲಿ ನಾನೇ ಮಾಡಿದೆ. ಪ್ರಯೋಗ ಮಾಡುವ ಬುದ್ಧಿಯಿಂದಲ್ಲ, ನಾಲ್ಕಕ್ಕೂ ಕೊಡುವಷ್ಟು ಹಣ ಆ ತಿಂಗಳು ಇರಲಿಲ್ಲ. ಟಯರು ಅದಲು ಬದಲು ಮಾಡುವಾಗ ಗುರುತು ತಪ್ಪಬಾರದೆಂದು ಒಳಮೈಯಲ್ಲಿ ಒಂದರಿಂದ ನಾಲ್ಕರವರೆಗೆ ಅಂಕೆ ಬರೆದೆ. ಒಂದು, ಎರಡು ಕೋಟಿಂಗಿನವು. ಮೂರು, ನಾಲ್ಕು ನನ್ನ ಕೈಯವು.

ಕೋಟಿಂಗಿಗೆ ಆಗ ರಿಮ್ಮೊಂದಕ್ಕೆ 1,200 ರೂಪಾಯಿ. ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿ, ಅಂದರೆ ಗಾಳಿಯ ರಭಸದಲ್ಲಿ ಮರಳಿನಂಥ ಹರಳು ಬಡಿಸಿ, ಹಳೆಯ ಬಣ್ಣ, ತುಕ್ಕು ಎಲ್ಲವನ್ನೂ ಬೂದು ಬಣ್ಣದ ಬರಿಯ ಉಕ್ಕಿನವರೆಗೆ ತೆಗೆಯುತ್ತಾರೆ. ಬಳಿಕ ವಿದ್ಯುದಾವೇಶ ಕೊಟ್ಟ ಪುಡಿಯನ್ನು ಸಿಂಪಡಿಸಿ, ಸುಮಾರು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸುತ್ತಾರೆ. ಪುಡಿ ಕರಗಿ ಒಂದೇ ಚರ್ಮದಂತೆ ಕೂರುತ್ತದೆ. ತಂದ ದಿನ ಎಷ್ಟು ಚೆಂದವಿತ್ತೆಂದರೆ ಹೆಂಡತಿ, “ಕಾರನ್ನೂ ಹೀಗೆಯೇ ಬೇಯಿಸಿ ತರಬಹುದಿತ್ತು” ಎಂದಳು.

ಆದರೆ 200 ಕಿಲೋಮೀಟರು ಓಡುವಷ್ಟರಲ್ಲಿ ಮುಂದಿನಿಂದ ಟಕ್ ಟಕ್ ಸದ್ದು. ನಟ್ಟುಗಳು ಸಡಿಲ! ಕೋಟಿಂಗಿನವರು ನಟ್ಟು ಕೂರುವ ಕುಳಿಗಳನ್ನೂ, ಚಕ್ರವನ್ನು ಹಿಡಿದು ತಿರುಗುವ ಹಬ್ಬಿಗೆ (ಗುಂಬಕ್ಕೆ) ತಾಗುವ ಮುಖವನ್ನೂ ಮುಚ್ಚದೆ ಎಲ್ಲೆಡೆ ದಪ್ಪನೆ ಪುಡಿ ಹಿಡಿಸಿದ್ದರು. ಬಿಗಿ ಮಾಡಿದ ನಟ್ಟಿನ ಅಡಿಯಲ್ಲಿ ಆ ಪದರ ನಲುಗಿ ತೆಳುವಾದಂತೆ ಬಿಗಿ ತಾನಾಗಿ ಇಳಿಯುತ್ತದೆ. ಫೋನು ಮಾಡಿದರೆ, “ಯಾರೂ ಇದುವರೆಗೆ ಹೇಳಿಲ್ಲವಲ್ಲ” ಎಂಬ ಉತ್ತರ ಬಂತು. ಚಕ್ರ ಕಳಚಿ ಹೋದವನು ಫೋನು ಮಾಡುವುದು ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕುಳಿಗಳನ್ನು ನಾನೇ ಕೆರೆದು ಬರಿಯ ಲೋಹಕ್ಕೆ ತಂದೆ, ಕಾರಿನ ಕೈಪಿಡಿಯಲ್ಲಿದ್ದ 85 ನ್ಯೂಟನ್ ಮೀಟರಿಗೆ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದೆ, ನೂರು ಕಿಲೋಮೀಟರಿನ ನಂತರ ಇನ್ನೊಮ್ಮೆ ನೋಡಿದೆ. ಆಮೇಲೆ ತೊಂದರೆಯಾಗಿಲ್ಲ.

ಇನ್ನು ನನ್ನ ಕೆಲಸ. ತಂತಿ ಬ್ರಷ್, 80ರ ಮತ್ತು 240ರ ಉಪ್ಪುಕಾಗದ, ಟ್ಯಾನಿನ್ ಇರುವ ರಸ್ಟ್ ಕನ್ವರ್ಟರ್ ಎಂಬ ತುಕ್ಕಿನ ಮದ್ದು, ಪ್ರೈಮರ್, ಬೆಳ್ಳಿ ಬಣ್ಣದ ಸ್ಪ್ರೇ. ಎರಡು ರಿಮ್ಮಿಗೆ ಒಟ್ಟು 1,100 ರೂಪಾಯಿ ಮತ್ತು ಎರಡು ಭಾನುವಾರ. ಈ ಕನ್ವರ್ಟರಿನಲ್ಲಿ ಮಾಯೆಯೇನೂ ಇಲ್ಲ. ಎಳೆ ಅಡಿಕೆ ಹೋಳು ಮಾಡಿದ ಕತ್ತಿ ಕಪ್ಪಾಗುವುದನ್ನು ನಾವು ದಿನವೂ ನೋಡುತ್ತೇವಲ್ಲ, ಅದೇ. ಚೊಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪು ಪದರವಾಗುತ್ತದೆ. ಆದರೆ ಸಡಿಲ ತುಕ್ಕಿನ ಮೇಲೆಯೇ ಹಚ್ಚಿದರೆ ಮೇಲಿನದು ಮಾತ್ರ ಕಪ್ಪಾಗಿ ಅಡಿಯ ಕೆಂಪು ಹಾಗೆಯೇ ಉಳಿಯುತ್ತದೆ. ಕೈ ನೋಯುವವರೆಗೆ ಕೆರೆಯಲೇಬೇಕು. ಬಾಟಲಿಯೊಳಗೆ ಬ್ರಷ್ ಅದ್ದಬಾರದು, ತುಕ್ಕಿನ ಪುಡಿ ಸೇರಿದರೆ ಉಳಿದದ್ದೆಲ್ಲ ಹಾಳು. ನಾನು ಗೆರಟೆಯಲ್ಲಿ ಸ್ವಲ್ಪ ಸ್ವಲ್ಪವೇ ಬಗ್ಗಿಸಿಕೊಂಡೆ.

ನಾಲ್ಕು ಮಳೆಗಾಲ ಕಳೆದಿವೆ. ಒಂದನೇ ರಿಮ್ಮು ಇಂದಿಗೂ ಹೊಸದರಂತಿದೆ. ಎರಡನೆಯದಕ್ಕೆ ಹೆದ್ದಾರಿ ಅಗಲ ಮಾಡುವ ಕೆಲಸದ ಕಾಲದಲ್ಲಿ ಜಲ್ಲಿ ಬಡಿದು, ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಚಕ್ಕೆ ಹಾರಿತ್ತು. ನಾನು ಅಲಕ್ಷ್ಯ ಮಾಡಿದೆ. ಮುಂದಿನ ವರ್ಷ ಅಲ್ಲಿ ಬೆರಳಿಟ್ಟಾಗ ಕೋಟಿಂಗು ಬೇಯಿಸಿದ ಮೊಟ್ಟೆಯ ಸಿಪ್ಪೆಯಂತೆ ಅಂಗೈಯಗಲ ಎದ್ದು ಬಂತು, ಅಡಿಯಲ್ಲೆಲ್ಲ ತುಕ್ಕು. ಗಟ್ಟಿ ಚರ್ಮದ ಕೇಡು ಇದೇ, ಒಳಗೆ ನೀರು ಹೊಕ್ಕರೆ ಹೊರಗೆ ಗೊತ್ತಾಗುವುದಿಲ್ಲ. ಮೂರು ಮತ್ತು ನಾಲ್ಕರಲ್ಲಿ ತುಕ್ಕು ಹದಿನಾಲ್ಕೇ ತಿಂಗಳಲ್ಲಿ ಮರಳಿತು, ನಡುವಿನ ತಟ್ಟೆಯನ್ನು ಹೊರ ಬಳೆಗೆ ವೆಲ್ಡಿಂಗ್ ಮಾಡಿದ ಸಂದಿಯಲ್ಲಿ. ನನ್ನ ಬ್ರಷ್ ಅಲ್ಲಿಗೆ ತಲುಪಿರಲಿಲ್ಲ. ಆದರೆ ಅದು ಬಣ್ಣದ ಮೇಲೆ ಕೆಂಪು ಗೆರೆಯಾಗಿ ಇಳಿದು ತಾನೇ ಸಾರಿ ಹೇಳಿತು. ಅರ್ಧ ಗಂಟೆಯಲ್ಲಿ ಕೆರೆದು ಹಚ್ಚಿದೆ. ಟಯರು ಕೂರುವ ಅಂಚಿನಲ್ಲಿ ಮಾತ್ರ ನಾಲ್ಕೂ ಚೆನ್ನಾಗಿವೆ, ಗಾಳಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಹಾಗಾಗಿ ಕೋಟಿಂಗಿಗೆ ಐದರಲ್ಲಿ ಮೂರೂವರೆ, ಕನ್ವರ್ಟರಿಗೆ ಮೂರು.

ಸ್ಟೆಪ್ನಿಯ ಕತೆ ಬೇರೆಯೇ, ಅದು ನನ್ನದೇ ತಪ್ಪು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡಲು ಮೈಲುತುತ್ತನ್ನು ಡಿಕ್ಕಿಯಲ್ಲಿ ಹಾಕಿ ತಂದಿದ್ದೆ. ಚೀಲ ಒದ್ದೆಯಾಗಿ ನೀಲಿ ನೀರು ಸ್ಟೆಪ್ನಿಯ ಗುಳಿಗೆ ಇಳಿದದ್ದು ತಿಳಿಯಲಿಲ್ಲ. ಎರಡು ತಿಂಗಳ ಮೇಲೆ ಎತ್ತಿದರೆ ರಿಮ್ಮಿನ ಅಡಿಯಲ್ಲಿ ತಾಮ್ರದ ಕೆಂಪು ಲೇಪ, ಅದರ ಸುತ್ತ ಸಣ್ಣ ಸಣ್ಣ ಕುಳಿಗಳು. ತುತ್ತು, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತೇವೆ, ಕತ್ತಿ ಕೆಂಪಾದರೆ ಸುಣ್ಣ ಇನ್ನೂ ಬೇಕು. ಇಪ್ಪತ್ತು ವರ್ಷ ಆ ಪರೀಕ್ಷೆ ಮಾಡಿದವನಿಗೆ, ಅದೇ ತುತ್ತು ಕಾರಿನ ಕಬ್ಬಿಣವನ್ನೂ ಬಿಡುವುದಿಲ್ಲ ಎಂದು ಹೊಳೆಯಲಿಲ್ಲ ನೋಡಿ. ಕುಳಿ ಆಳವಿದ್ದುದರಿಂದ ಆ ರಿಮ್ಮನ್ನು ಗುಜರಿಗೆ ಹಾಕಿದೆ. ಈಗ ತುತ್ತು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಬರುತ್ತದೆ.

ಅಲಾಯ್ ಚಕ್ರವಿರುವವರಿಗೆ ಒಂದು ಮಾತು. ನನ್ನ ಕನ್ವರ್ಟರ್ ನೋಡಿ ಭಾವನೂ ಒಂದು ಬಾಟಲಿ ತಂದ. ಅವನದು ಅಲ್ಯೂಮಿನಿಯಮ್ಮಿನ ಡೈಮಂಡ್ ಕಟ್ ಚಕ್ರ, ಮುಖವನ್ನು ಲೇತಿನಲ್ಲಿ ಹೊಳೆಯುವಂತೆ ಕಡೆದದ್ದು. ಅದರ ತುಕ್ಕು ಕೆಂಪಲ್ಲ, ಬಿಳಿ. ಮೇಲಿನ ಪಾರದರ್ಶಕ ಲ್ಯಾಕರ್ ಪದರದ ಅಡಿಯಲ್ಲಿ ಎರೆಹುಳ ಹರಿದ ದಾರಿಯಂತೆ ಗೆರೆ ಗೆರೆಯಾಗಿ ಹಬ್ಬುತ್ತದೆ. ಕಬ್ಬಿಣದ ಮದ್ದು ಅದಕ್ಕೆ ನಾಟುವುದಿಲ್ಲ. ಲ್ಯಾಕರ್ ತೆಗೆದು ಲೇತಿನಲ್ಲಿ ಮತ್ತೆ ಕಡೆಸಬಹುದು, ಆದರೆ ಪ್ರತಿ ಸಲವೂ ಲೋಹ ಸವೆಯುವುದರಿಂದ ಅದಕ್ಕೊಂದು ಮಿತಿಯಿದೆ. ಭಾವ ಉಜ್ಜಿಸಿ, ಹೊಳಪಿನ ಆಸೆ ಬಿಟ್ಟು ಬೂದು ಬಣ್ಣ ಹೊಡೆಸಿದ. ಅವನು ವರ್ಷಗಟ್ಟಲೆ ಚಕ್ರವನ್ನು ಬಟ್ಟೆ ಒಗೆಯುವ ಪುಡಿಯಲ್ಲಿ ತೊಳೆಯುತ್ತಿದ್ದ. ಅದರ ಕ್ಷಾರ ಅಲ್ಯೂಮಿನಿಯಮ್ಮಿಗೆ ಆಗದು. ಖಾರವಾದ ಆಮ್ಲದ ಕ್ಲೀನರುಗಳೂ ಆಗವು.

ನಾನೀಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬರಿಯ ನೀರನ್ನು ಪೈಪಿನಲ್ಲಿ ರಿಮ್ಮಿನ ಹಿಂಬದಿಗೆ ಹಾಯಿಸುತ್ತೇನೆ. ಕೆಸರು ಕೂತು ಒದ್ದೆ ಹಿಡಿದಿಡುವುದು ಅಲ್ಲಿಯೇ. ಬ್ಯಾಲೆನ್ಸಿಂಗ್ ಮಾಡುವಾಗ ಅಂಚಿಗೆ ಬಡಿದು ಸಿಕ್ಕಿಸುವ ತೂಕಗಳ ಬದಲು ಅಂಟಿಸುವುದನ್ನೇ ಹಾಕಿಸುತ್ತೇನೆ, ಬಡಿದ ಕಡೆ ಬಣ್ಣ ಸೀಳಿ ತುಕ್ಕಿಗೆ ಬಾಗಿಲು ತೆರೆಯುತ್ತದೆ. ಹಬ್ಬಿನ ಮುಖಕ್ಕೆ ತೆಳ್ಳಗೆ ಗ್ರೀಸು ಒರೆಸುತ್ತೇನೆ, ನಟ್ಟಿನ ಮರೆಗಳಿಗೆ (ತ್ರೆಡ್ಡುಗಳಿಗೆ) ಮಾತ್ರ ತಾಗಿಸುವುದಿಲ್ಲ.

ಎರಡನೇ ನಂಬರಿನ ರಿಮ್ಮನ್ನು ಈ ಡಿಸೆಂಬರಿನಲ್ಲಿ, ಚಳಿಗಾಳಿ ಒಣಗಿರುವಾಗ, ಮತ್ತೆ ಮಾಡಿಸಬೇಕು. ಕೋಟಿಂಗಿಗೇ ಕೊಡುತ್ತೇನೆ. ಆದರೆ ಈ ಸಲ ಬ್ಲಾಸ್ಟಿಂಗ್ ಆಗಿ ಐದು ಕುಳಿಗಳಿಗೂ ಹಬ್ಬಿನ ಮುಖಕ್ಕೂ ಟೇಪು ಅಂಟಿಸುವವರೆಗೆ ಅಂಗಡಿಯಿಂದ ಕದಲುವುದಿಲ್ಲ, ಊಟದ ಬುತ್ತಿಯನ್ನು ಜೊತೆಗೇ ಒಯ್ಯುತ್ತೇನೆ.