ಮೆಲ್ಬರ್ನ್ ರೆಸ್ಪಾನ್ಸ್: ಚರ್ಚು ಕೊಡುವ ಪರಿಹಾರ ಸೇವೆಯ ವಿಮರ್ಶೆ

ಪಾದ್ರಿಗಳಿಂದ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ಕೋರ್ಟಿನ ಮೆಟ್ಟಿಲು ಹತ್ತದೆಯೇ ಪರಿಹಾರ ಪಡೆಯಲಿ ಎಂಬ ಘೋಷಣೆಯೊಂದಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್ ಕೆಥೋಲಿಕ ಮಹಾಧರ್ಮಪ್ರಾಂತ್ಯವು 1996ರ ಅಕ್ಟೋಬರ್‌ನಲ್ಲಿ ‘ಮೆಲ್ಬರ್ನ್ ರೆಸ್ಪಾನ್ಸ್’ ಎಂಬ ವ್ಯವಸ್ಥೆಯನ್ನು ಆರಂಭಿಸಿತು. ಆಗಷ್ಟೇ ಅಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದ, ಮುಂದೆ ಕಾರ್ಡಿನಲ್ ಆದ ಜಾರ್ಜ್ ಪೆಲ್ ಇದನ್ನು ರೂಪಿಸಿದವರು. ಚರ್ಚು ಇದನ್ನು ನೊಂದವರಿಗಾಗಿ ಮಾಡಿದ ಸೇವೆ ಎಂದು ಕರೆದದ್ದರಿಂದ, ಸೇವೆಯನ್ನು ಅಳೆಯುವ ರೀತಿಯಲ್ಲಿಯೇ ಅದನ್ನು ಅಳೆಯಬೇಕು ಎಂಬುದು ನನ್ನ ನಿಲುವು: ಬಂದವರಿಗೆ ಏನು ಸಿಕ್ಕಿತು, ಯಾವ ಷರತ್ತಿನ ಮೇಲೆ ಸಿಕ್ಕಿತು, ಮತ್ತು ಅದನ್ನು ಒಲ್ಲೆನೆಂದು ಸಿವಿಲ್ ದಾವೆ ಹೂಡಿದವರನ್ನು ಅದೇ ಸಂಸ್ಥೆ ಹೇಗೆ ನಡೆಸಿಕೊಂಡಿತು. ನಾನು ಈ ಸೇವೆಯನ್ನು ಬಳಸಿದವನಲ್ಲ. ಭಾನುವಾರದ ಪೂಜೆಗೆ ತಪ್ಪದೆ ಹೋಗುವ ಒಬ್ಬ ಸಾಮಾನ್ಯ ಕೆಥೋಲಿಕನಾಗಿ, ನಾವು ಕಾಣಿಕೆ ಹಾಕುವ ಸಂಸ್ಥೆ ನೊಂದ ಮಕ್ಕಳ ಮುಂದೆ ಹೇಗೆ ನಿಂತಿತು ಎಂಬುದನ್ನು ತಿಳಿಯುವುದಕ್ಕಾಗಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಸಂಸ್ಥೆಗಳು ಹೇಗೆ ಸ್ಪಂದಿಸಿದವು ಎಂದು ವಿಚಾರಿಸಲು ಆಸ್ಟ್ರೇಲಿಯಾ ಸರ್ಕಾರ ನೇಮಿಸಿದ ರಾಯಲ್ ಕಮಿಷನ್ನಿನ ವರದಿಗಳನ್ನೂ ಕೋರ್ಟಿನ ತೀರ್ಪುಗಳನ್ನೂ ಓದಿದವನು.

ಒಳ್ಳೆಯ ಅಂಶಗಳನ್ನು ಮೊದಲು ಹೇಳುವುದು ನ್ಯಾಯ. ಸೇವೆಗೆ ಮೂರು ಅಂಗಗಳಿದ್ದವು. ದೂರನ್ನು ಕೇಳಿ ನಿರ್ಣಯಿಸಲು ಸ್ವತಂತ್ರ ಕಮಿಷನರ್ ಎಂದು ಕರೆಯಲಾದ ಹಿರಿಯ ಬ್ಯಾರಿಸ್ಟರ್ ಇದ್ದರು. ಆಪ್ತಸಮಾಲೋಚನೆ ಮತ್ತು ಚಿಕಿತ್ಸೆಗೆ ‘ಕೇರ್‌ಲಿಂಕ್’ ಎಂಬ ಘಟಕವಿತ್ತು. ಹಣದ ಮೊತ್ತವನ್ನು ಸೂಚಿಸಲು ಪರಿಹಾರ ಸಮಿತಿಯಿತ್ತು. ಮೂವತ್ತು ವರ್ಷದ ಹಿಂದಿನ ಮಾತು ಈಗ ಏಕೆ ಎಂದು ಕಾಲಮಿತಿಯ ನೆಪ ಹೇಳಿ ಬಾಗಿಲಲ್ಲೇ ಹಿಂದಕ್ಕೆ ಕಳುಹಿಸುವ ಪದ್ಧತಿ ಅಲ್ಲಿರಲಿಲ್ಲ. ಕಮಿಷನರ್ ಮುಂದೆ ಬಂದ ದೂರುಗಳಲ್ಲಿ ಬಹುಪಾಲು ನಿಜವೆಂದು ಅಂಗೀಕಾರವಾದವು. ಹಣ ಪಾವತಿಯಾದ ಮೇಲೂ ಸಮಾಲೋಚನೆಯ ಖರ್ಚನ್ನು ಚರ್ಚೇ ಭರಿಸುತ್ತಿತ್ತು. ಅಮೆರಿಕದ ಬಾಸ್ಟನ್ನಿನಲ್ಲಿ ಪಾದ್ರಿಗಳ ದೌರ್ಜನ್ಯವನ್ನು ಚರ್ಚು ಮುಚ್ಚಿಟ್ಟ ಹಗರಣ ಜಗತ್ತಿಗೆ ತಿಳಿದದ್ದು 2002ರಲ್ಲಿ ಎಂಬುದನ್ನು ನೆನೆದರೆ, ಅದಕ್ಕೂ ಆರು ವರ್ಷ ಮೊದಲೇ ಒಂದು ಮಹಾಧರ್ಮಪ್ರಾಂತ್ಯ ಇಷ್ಟು ಮಾಡಿತೆಂಬುದನ್ನು ಅಲ್ಲಗಳೆಯಲಾಗದು. ಒಳಗೆ ಹೋದವರಲ್ಲಿ ಕೆಲವರಿಗಾದರೂ, ತಮ್ಮ ಮಾತನ್ನು ಅಧಿಕಾರದಲ್ಲಿರುವ ಒಬ್ಬರು ಮೊದಲ ಬಾರಿಗೆ ನಂಬಿದರು ಎಂಬ ಸಮಾಧಾನ ಸಿಕ್ಕಿರಬೇಕು, ಮತ್ತು ಅದು ಸಣ್ಣ ವಿಷಯವಲ್ಲ.

ಆದರೆ ಬೆಲೆಪಟ್ಟಿಯನ್ನು ನೋಡಿದಾಗ ಈ ಸೇವೆಯ ಸ್ವರೂಪ ಬೇರೆಯಾಗಿ ಕಾಣುತ್ತದೆ. ಆರಂಭದಲ್ಲಿ ಒಬ್ಬರಿಗೆ ಸಿಗಬಹುದಾಗಿದ್ದ ಗರಿಷ್ಠ ಮೊತ್ತ 50,000 ಆಸ್ಟ್ರೇಲಿಯನ್ ಡಾಲರ್. ಅದು 2000ದಲ್ಲಿ 55,000ಕ್ಕೆ, 2008ರಲ್ಲಿ 75,000ಕ್ಕೆ ಏರಿತು, 1.5 ಲಕ್ಷ ಡಾಲರ್ ಆಗಲು 2017 ಬರಬೇಕಾಯಿತು. ಜೀವನವಿಡೀ ಉದ್ಯೋಗ ಹಿಡಿಯಲಾರದವರಿಗೂ, ಒಂದು ಬಾರಿ ಮೈಮುಟ್ಟಿದ ಘಟನೆಗೂ ಮಿತಿ ಒಂದೇ. ಇದು ಹೊಣೆಗಾರಿಕೆಯನ್ನು ಒಪ್ಪಿ ಕೊಡುವ ನಷ್ಟಪರಿಹಾರವಲ್ಲ, ಚರ್ಚು ತಾನಾಗಿ ಕೊಡುವ ಅನುಗ್ರಹದ ಹಣ ಎಂದೇ ದಾಖಲೆಗಳಲ್ಲಿ ಬರೆಯಲಾಗಿತ್ತು. ಹಣ ಪಡೆಯುವವರು ಮುಂದೆ ದಾವೆ ಹೂಡುವುದಿಲ್ಲವೆಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ವ್ಯವಸ್ಥೆಯನ್ನು ರೂಪಿಸಲು ನೆರವಾದ ವಕೀಲರು ಮಹಾಧರ್ಮಪ್ರಾಂತ್ಯದ ವಕೀಲರೇ. ಪರಿಹಾರದ ಪ್ರಸ್ತಾಪವನ್ನು ಸಂತ್ರಸ್ತರಿಗೆ ಕಳುಹಿಸಿದವರೂ ಅವರೇ. ‘ಸ್ವತಂತ್ರ’ ಎಂಬ ಪದವನ್ನು ಕಮಿಷನರ್ ಹುದ್ದೆಗೆ ಜೋಡಿಸಿದ ಮಾತ್ರಕ್ಕೆ ಇಡೀ ವ್ಯವಸ್ಥೆ ಸ್ವತಂತ್ರವಾಗುವುದಿಲ್ಲ.

ಆ ಪ್ರಸ್ತಾಪದ ಪತ್ರಗಳಲ್ಲಿ ಒಂದನ್ನು ಇಲ್ಲಿ ಹತ್ತಿರದಿಂದ ನೋಡಬೇಕು. 1998ರಲ್ಲಿ ಮೆಲ್ಬರ್ನಿನ ಒಂದು ಕುಟುಂಬಕ್ಕೆ, ಪ್ರಾಥಮಿಕ ಶಾಲೆಯ ದಿನಗಳಲ್ಲಿ ಪಾದ್ರಿಯಿಂದ ದೌರ್ಜನ್ಯಕ್ಕೊಳಗಾದ ಅವರ ಮಗಳ ಹೆಸರಿನಲ್ಲಿ, 50,000 ಡಾಲರಿನ ಪ್ರಸ್ತಾಪ ಬಂದಿತು. ಈ ಹಣ ಮತ್ತು ಕೇರ್‌ಲಿಂಕ್ ಸೇವೆ ಅವಳ ಚೇತರಿಕೆಗೆ ನೆರವಾಗಲಿ ಎಂಬ ಆಶಯ ಪತ್ರದಲ್ಲಿತ್ತು. ಅದೇ ವಾಕ್ಯದಲ್ಲಿ, ಇದು ದಾವೆಗೆ ವಾಸ್ತವಿಕವಾದ ಪರ್ಯಾಯವೆಂದೂ, ದಾವೆಯನ್ನೇ ಹೂಡಿದರೆ ಅದನ್ನು ತೀವ್ರವಾಗಿ ಎದುರಿಸಲಾಗುವುದೆಂದೂ ಬರೆದಿತ್ತು. ಸಾಂತ್ವನ ಮತ್ತು ಎಚ್ಚರಿಕೆ ಎರಡೂ ಒಂದೇ ವಾಕ್ಯದಲ್ಲಿ, ಒಂದೇ ಸಹಿಯ ಕೆಳಗೆ! ಮನೆಯಲ್ಲಿ ಕುಸಿದು ಕುಳಿತ ಮಗುವಿದ್ದಾಗ ತಂದೆತಾಯಿ ಈ ವಾಕ್ಯವನ್ನು ಹೇಗೆ ಓದಿಕೊಂಡಾರು ಎಂದು ಬರೆದವರು ಒಂದು ಕ್ಷಣ ಯೋಚಿಸಿದ್ದರೆ ಅದು ಆ ರೂಪದಲ್ಲಿ ಹೊರಗೆ ಹೋಗುತ್ತಿರಲಿಲ್ಲ. ಆ ಕುಟುಂಬ ಪ್ರಸ್ತಾಪವನ್ನು ತಿರಸ್ಕರಿಸಿ ದಾವೆ ಹೂಡಿತು. ಹಲವು ವರ್ಷಗಳ ಹೋರಾಟದ ನಂತರ ಪ್ರಕರಣ 7.5 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. 50,000ಕ್ಕೂ ಅದಕ್ಕೂ ನಡುವಿನ ಅಂತರವೇ ಈ ಸೇವೆ ಯಾರ ಜೇಬನ್ನು ಕಾಯುತ್ತಿತ್ತು ಎಂಬುದನ್ನು ತೋರಿಸುತ್ತದೆ.

ದಾವೆ ಹೂಡಿದವರ ಮುಂದೆ ಚರ್ಚು ಹೇಗೆ ನಿಂತಿತು ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ಎಲ್ಲರೂ ಎತ್ತಿ ತೋರಿಸುವುದು ಸಿಡ್ನಿಯ ಎಲ್ಲಿಸ್ ಪ್ರಕರಣವನ್ನು. ಮೆಲ್ಬರ್ನ್ ಬಿಟ್ಟು ದೇಶದ ಉಳಿದ ಭಾಗಕ್ಕೆ ಬಿಷಪ್ಪರು ‘ಟುವರ್ಡ್ಸ್ ಹೀಲಿಂಗ್’ ಎಂಬ ಮತ್ತೊಂದು ವ್ಯವಸ್ಥೆಯನ್ನು ನಡೆಸುತ್ತಿದ್ದರು. 1970ರ ದಶಕದಲ್ಲಿ ಬಲಿಪೀಠದ ಸೇವಕ ಬಾಲಕನಾಗಿದ್ದ ಜಾನ್ ಎಲ್ಲಿಸ್, ವಕೀಲರಾಗಿ ಬೆಳೆದ ಮೇಲೆ, 2002ರಲ್ಲಿ ಅಲ್ಲಿಗೆ ದೂರು ಕೊಟ್ಟರು. ಚರ್ಚೇ ನೇಮಿಸಿದ ಪರಿಶೀಲಕರು ಅವರ ಮಾತು ನಿಜವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ವರದಿ ಮಾಡಿದರು. ಚರ್ಚು ಮೊದಲು 25,000, ನಂತರ 30,000 ಡಾಲರ್ ಕೊಡಲು ಮುಂದಾಯಿತು. ಅವರು ಕೇಳಿದ್ದು ಒಂದು ಲಕ್ಷ. ಅದಕ್ಕೆ ಒಪ್ಪಿಗೆ ಸಿಗದೆ ಅವರು ಕೋರ್ಟಿಗೆ ಹೋದಾಗ, ತನ್ನದೇ ಪರಿಶೀಲಕರು ಒಪ್ಪಿದ ಸಂಗತಿಯನ್ನು ಚರ್ಚು ಪ್ರಶ್ನಿಸಿತು, ಮತ್ತು ದೌರ್ಜನ್ಯ ನಡೆದದ್ದೇ ಹೌದೇ ಎಂದು ಅವರನ್ನು ಪಾಟೀ ಸವಾಲಿಗೆ ಒಳಪಡಿಸಲಾಯಿತು. 2004ರ ಕೊನೆಯಲ್ಲಿ ಅವರ ಕಡೆಯಿಂದ ಬಂದ ರಾಜಿಯ ಪ್ರಸ್ತಾಪಕ್ಕೆ ಪ್ರತಿಪ್ರಸ್ತಾಪವನ್ನೂ ಮುಂದಿಡಲಿಲ್ಲ.

ಕೊನೆಗೆ ಪ್ರಕರಣ ಬಿದ್ದದ್ದು ಸತ್ಯಾಸತ್ಯದ ಮೇಲಲ್ಲ. 2007ರಲ್ಲಿ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಮೇಲ್ಮನವಿ ನ್ಯಾಯಾಲಯವು, ಕೆಥೋಲಿಕ ಚರ್ಚು ನೋಂದಾಯಿತ ಸಂಸ್ಥೆಯಲ್ಲ, ಆದ್ದರಿಂದ ಅದರ ಮೇಲೆ ದಾವೆ ನಡೆಯುವುದಿಲ್ಲ; ಅದರ ಆಸ್ತಿಗಳು 1936ರ ಕಾಯಿದೆಯಡಿ ಟ್ರಸ್ಟಿಗಳ ಹೆಸರಿನಲ್ಲಿದ್ದರೂ ಪಾದ್ರಿಗಳ ವರ್ತನೆಗೆ ಅವರು ಹೊಣೆಗಾರರಲ್ಲ; ಘಟನೆಯ ಕಾಲದಲ್ಲಿ ಹುದ್ದೆಯಲ್ಲಿರದ, ದಾವೆಯ ಹೊತ್ತಿಗೆ ಸಿಡ್ನಿಯ ಮಹಾಧರ್ಮಾಧ್ಯಕ್ಷರಾಗಿದ್ದ ಪೆಲ್ ಅವರೂ ಹೊಣೆಗಾರರಲ್ಲ ಎಂದು ಹೇಳಿತು. ಅಂದರೆ ಶಾಲೆ, ಚರ್ಚು, ಜಮೀನು ಎಲ್ಲವನ್ನೂ ಹೊಂದಿರುವ ಸಂಸ್ಥೆಯನ್ನು ಕೋರ್ಟಿಗೆ ಕರೆಯಲು ಹೋದರೆ ಅಲ್ಲಿ ಯಾರೂ ಇಲ್ಲ. ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಅದೇ ವರ್ಷ ಮೇಲ್ಮನವಿಗೆ ಅನುಮತಿ ನಿರಾಕರಿಸಿತು. ‘ಎಲ್ಲಿಸ್ ಡಿಫೆನ್ಸ್’ ಎಂದು ಹೆಸರಾದ ಈ ವಾದ ಮುಂದಿನ ಹತ್ತು ವರ್ಷಗಳ ಕಾಲ ನೂರಾರು ಜನರ ದಾವೆಗಳಿಗೆ ಅಡ್ಡಗೋಡೆಯಾಗಿ ನಿಂತಿತು, ಮತ್ತು ಪರಿಹಾರ ಸೇವೆಯ ಕಚೇರಿಯಲ್ಲಿ ಎಷ್ಟು ಕೊಟ್ಟರೂ ಪಡೆದುಕೊಂಡು ಹೋಗುವಂತೆ ಮಾಡಿತು. ಸೇವೆ ಮತ್ತು ಪ್ರತಿವಾದ ಎರಡು ಬೇರೆ ವಿಷಯಗಳೆಂದು ಚರ್ಚಿನ ಸಮರ್ಥಕರು ಹೇಳುತ್ತಾರೆ. ನಾನು ಓದಿದ ಮಟ್ಟಿಗೆ ಅವು ಒಂದಕ್ಕೊಂದು ಆನಿಕೊಂಡು ನಿಂತವು. ಕೋರ್ಟಿನ ದಾರಿ ಮುಚ್ಚಿದ್ದರಿಂದಲೇ 50,000 ಡಾಲರ್ ಉದಾರವಾಗಿ ಕಂಡಿತು.

ಇದು ನನ್ನೊಬ್ಬನ ಅನುಮಾನವಲ್ಲ. 2013ರಲ್ಲಿ ಕೆಲಸ ಆರಂಭಿಸಿದ ರಾಯಲ್ ಕಮಿಷನ್ ಎಲ್ಲಿಸ್ ಪ್ರಕರಣವನ್ನು ಪ್ರತ್ಯೇಕವಾಗಿ ವಿಚಾರಿಸಿ, ದಾವೆಯನ್ನು ಬಲವಾಗಿ ಎದುರಿಸಬೇಕೆಂಬ ಸಲಹೆಯನ್ನು ಮಹಾಧರ್ಮಪ್ರಾಂತ್ಯ ಒಪ್ಪಿದ್ದಕ್ಕೆ ಒಂದು ಕಾರಣ, ಬೇರೆಯವರು ದಾವೆ ಹೂಡದಂತೆ ಮಾಡುವುದಾಗಿತ್ತು ಎಂದು ದಾಖಲಿಸಿತು. ಪ್ರತಿವಾದಕ್ಕೆ ಸುರಿದ ಹಣ ಫಿರ್ಯಾದಿ ಮೊದಲು ಕೇಳಿದ್ದ ಒಂದು ಲಕ್ಷಕ್ಕಿಂತ ಹಲವು ಪಟ್ಟು ಹೆಚ್ಚಾಗಿತ್ತು. 2014ರ ಮಾರ್ಚ್‌ನಲ್ಲಿ ಕಮಿಷನ್ ಮುಂದೆ ಬಂದ ಪೆಲ್, ಕ್ರೈಸ್ತ ದೃಷ್ಟಿಯಿಂದ ನಾವು ನ್ಯಾಯವಾಗಿ ನಡೆದುಕೊಳ್ಳಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದರು. ಚರ್ಚಿನ ಮೇಲೆ ದಾವೆ ಹೂಡಲು ಅವಕಾಶವಿರಬೇಕು ಎಂದೂ ಹೇಳಿದರು. (ಪೆಲ್ ಅವರ ಮೇಲೆಯೇ ನಡೆದ ಕ್ರಿಮಿನಲ್ ಪ್ರಕರಣ ಬೇರೆ, ಅದರಲ್ಲಿ ಬಂದ ಶಿಕ್ಷೆಯನ್ನು ಹೈಕೋರ್ಟ್ 2020ರಲ್ಲಿ ಸರ್ವಾನುಮತದಿಂದ ರದ್ದುಪಡಿಸಿತು.) ಆ ಕ್ಷಮೆ ಪ್ರಾಮಾಣಿಕವಾಗಿತ್ತೆಂದೇ ನಾನು ಭಾವಿಸುತ್ತೇನೆ. ಆದರೆ ತೀರ್ಪು ಬಂದು ಏಳು ವರ್ಷ ಕಳೆದ ಮೇಲೆ, ಸರ್ಕಾರಿ ವಿಚಾರಣೆಯ ಸಾಕ್ಷಿಕಟ್ಟೆಯಲ್ಲಿ ಅದು ಹೊರಬರಬೇಕಾಯಿತು.

ಎದುರು ವಾದಕ್ಕೂ ಕಿವಿಗೊಡಬೇಕು. ಆರೋಪ ಬಂದ ಮಾತ್ರಕ್ಕೆ ಯಾವ ಸಂಸ್ಥೆಯೂ ತಲೆಬಾಗಿ ಹಣ ಎಣಿಸಬೇಕಾಗಿಲ್ಲ; ಆರೋಪಿ ಪಾದ್ರಿ ತೀರಿಕೊಂಡು ದಶಕಗಳಾದಾಗ, ಕಡತಗಳು ಕಳೆದುಹೋದಾಗ, ತನ್ನನ್ನು ಸಮರ್ಥಿಸಿಕೊಳ್ಳುವ ಹಕ್ಕು ಪ್ರತಿವಾದಿಗೂ ಉಂಟು. ಲಿಸ್ಮೋರ್ ಧರ್ಮಪ್ರಾಂತ್ಯವು ಇದೇ ಕಾರಣ ಕೊಟ್ಟು, 1996ರಲ್ಲಿ ತೀರಿಕೊಂಡ ಪಾದ್ರಿಯ ವಿಷಯದ ದಾವೆಯನ್ನೇ ಶಾಶ್ವತವಾಗಿ ತಡೆಯಬೇಕೆಂದು ಕೇಳಿ, ಮೇಲ್ಮನವಿ ನ್ಯಾಯಾಲಯದಿಂದ ಆ ತಡೆಯನ್ನು ಪಡೆದಿತ್ತು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಬಹುಮತದಿಂದ ಆ ತಡೆಯನ್ನು ತೆಗೆದುಹಾಕಿತು. ಸಾಕ್ಷ್ಯವನ್ನು ಪ್ರಶ್ನಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ತನ್ನದೇ ಕಚೇರಿಯಲ್ಲಿ ‘ನಿಮ್ಮನ್ನು ನಂಬುತ್ತೇವೆ’ ಎಂದು ಹೇಳಿದ ಮೇಲೆ, ಹೆಚ್ಚು ಹಣ ಕೇಳಿದ ಒಂದೇ ಕಾರಣಕ್ಕೆ ಕೋರ್ಟಿನಲ್ಲಿ ‘ಸಾಬೀತುಪಡಿಸಿ’ ಎನ್ನುವುದಕ್ಕೆ ನನ್ನ ಆಕ್ಷೇಪ. ಸತ್ಯವೆಂದು ಒಮ್ಮೆ ಒಪ್ಪಿದ್ದು ಮೊತ್ತ ಬದಲಾದಾಗ ಅನುಮಾನವಾಗಿಬಿಡುವುದಾದರೆ, ಆ ಮೊದಲ ಒಪ್ಪಿಗೆಯ ಮೇಲೆ ನೊಂದವರು ಹೇಗೆ ಭರವಸೆಯಿಡಬೇಕು?

ಈಗಿನ ಪರಿಸ್ಥಿತಿ ಬಹಳ ಬದಲಾಗಿದೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯವು ಮಕ್ಕಳ ಮೇಲಿನ ದೌರ್ಜನ್ಯದ ದಾವೆಗಳಿಗೆ ಕಾಲಮಿತಿಯನ್ನು 2015ರಲ್ಲಿ ತೆಗೆದುಹಾಕಿತು. 2018ರ ಕಾಯಿದೆಯ ಮೂಲಕ, ದಾವೆಗೆ ಉತ್ತರಿಸಬಲ್ಲ ಒಂದು ಘಟಕವನ್ನು ಚರ್ಚು ಹೆಸರಿಸಲೇಬೇಕು ಎಂದು ಮಾಡಿ ಎಲ್ಲಿಸ್ ಡಿಫೆನ್ಸ್‌ಗೆ ಕೊನೆ ಹಾಡಿತು. ಹಳೆಯ ಹಕ್ಕುಬಿಡುಗಡೆ ಪತ್ರಗಳನ್ನು ನ್ಯಾಯಸಮ್ಮತವೆನಿಸಿದರೆ ರದ್ದುಪಡಿಸುವ ಅಧಿಕಾರವೂ ಅಲ್ಲಿನ ಕೋರ್ಟುಗಳಿಗೆ ಬಂದಿದೆ. 2018ರ ಜುಲೈ 1ರಿಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ಪರಿಹಾರ ಯೋಜನೆ ನಡೆಯುತ್ತಿದೆ. ಸೇವೆಯಾಗಿ ಇದು ಚರ್ಚಿನ ವ್ಯವಸ್ಥೆಗಿಂತ ಖಂಡಿತ ಮೇಲು, ಏಕೆಂದರೆ ನಿರ್ಣಯ ಮಾಡುವವರು ಚರ್ಚಿನ ಸಂಬಳದಲ್ಲಿಲ್ಲ, ಹಣ ಮಾತ್ರ ಹೊಣೆಗಾರ ಸಂಸ್ಥೆಯಿಂದ ಬರುತ್ತದೆ. ಹಣ, ಸಮಾಲೋಚನೆ, ಮತ್ತು ಬೇಕೆಂದವರಿಗೆ ಸಂಸ್ಥೆಯ ಹಿರಿಯರಿಂದ ನೇರ ಕ್ಷಮೆ ಎಂಬ ಮೂರು ಭಾಗಗಳಿವೆ. ಒಪ್ಪಿಕೊಳ್ಳಬೇಕೇ ಎಂದು ಯೋಚಿಸಲು ಆರು ತಿಂಗಳ ಕಾಲಾವಕಾಶ ಕೊಡುತ್ತಾರೆ. ಆದರೂ ರಾಯಲ್ ಕಮಿಷನ್ 2 ಲಕ್ಷ ಡಾಲರಿನ ಮಿತಿಯನ್ನು ಶಿಫಾರಸು ಮಾಡಿದ್ದರೆ ಸರ್ಕಾರ ಅದನ್ನು 1.5 ಲಕ್ಷಕ್ಕೆ ಇಳಿಸಿತು. ಹಿಂದೆ ಚರ್ಚಿನಿಂದ ಪಡೆದ ಹಣಕ್ಕೆ ವರ್ಷಕ್ಕೆ ಶೇ 1.9ರಂತೆ ಸೇರಿಸಿ ಕಳೆಯಲಾಗುತ್ತದೆ, ಹೀಗಾಗಿ ಇಪ್ಪತ್ತು ವರ್ಷ ಹಿಂದೆ ಮೆಲ್ಬರ್ನ್ ರೆಸ್ಪಾನ್ಸ್‌ನಲ್ಲಿ ಸಿಕ್ಕ ಅಲ್ಪ ಮೊತ್ತ ಇಂದು ಉಬ್ಬಿ ಅವರ ಪಾಲನ್ನೇ ತಿನ್ನುತ್ತದೆ. ಇದು ನನಗೆ ಅತ್ಯಂತ ಅನ್ಯಾಯವೆಂದು ತೋರುವ ಅಂಶ.

ಕೋರ್ಟಿನ ದಾರಿಯೂ ಪೂರ್ತಿ ಸುಗಮವಾಗಿಲ್ಲ. ಬಲ್ಲಾರಟ್ ಧರ್ಮಪ್ರಾಂತ್ಯದ ಪ್ರಕರಣದಲ್ಲಿ, 1971ರಲ್ಲಿ ಐದು ವರ್ಷದ ಮಗುವಿನ ಮೇಲೆ ಪಾದ್ರಿಯೊಬ್ಬರು ನಡೆಸಿದ ದೌರ್ಜನ್ಯಕ್ಕೆ ಕೆಳ ನ್ಯಾಯಾಲಯ 2.3 ಲಕ್ಷ ಡಾಲರ್ ಪರಿಹಾರ ಕೊಡಿಸಿತ್ತು. ಪಾದ್ರಿ ನಮ್ಮ ಉದ್ಯೋಗಿಯಲ್ಲ, ಆದ್ದರಿಂದ ಅವರ ಕೃತ್ಯದ ಹೊಣೆ ನಮ್ಮ ಮೇಲೆ ಬರುವುದಿಲ್ಲ ಎಂದು ಧರ್ಮಪ್ರಾಂತ್ಯ ವಾದಿಸಿತು, ಮತ್ತು 2024ರ ನವೆಂಬರ್ 13ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೂನಿನ ತರ್ಕ ಸರಿಯಿರಬಹುದು. ಆದರೆ ದೀಕ್ಷೆ ಕೊಟ್ಟು, ಊರಿಗೆ ನೇಮಿಸಿ, ವರ್ಗ ಮಾಡಿ, ಮನೆಮನೆಗೆ ಹೋಗಲು ಅಧಿಕಾರವಿತ್ತ ಬಿಷಪ್ಪರು ‘ಅವರು ನಮ್ಮವರಲ್ಲ’ ಎಂಬರ್ಥದ ವಾದವನ್ನು ತಮ್ಮ ಹೆಸರಿನಲ್ಲಿ ಮಂಡಿಸಲು ಬಿಟ್ಟರೆಂಬುದು ಪೆಲ್ 2014ರಲ್ಲಿ ಕೇಳಿದ ಕ್ಷಮೆಗೆ ಹೊಂದುವುದಿಲ್ಲ.

ಕರ್ನಾಟಕದ ಧರ್ಮಪ್ರಾಂತ್ಯಗಳಿಗೂ ಇದು ದೂರದ ಕತೆಯಲ್ಲ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ನಿಯಮದಂತೆ ಜಗತ್ತಿನ ಪ್ರತಿ ಧರ್ಮಪ್ರಾಂತ್ಯವೂ ದೂರು ಸ್ವೀಕರಿಸುವ ಸುಲಭ ವ್ಯವಸ್ಥೆಯೊಂದನ್ನು ಹೊಂದಿರಬೇಕು. ಮಕ್ಕಳ ವಿಷಯದಲ್ಲಿ ನಮ್ಮ ಪೋಕ್ಸೊ ಕಾಯಿದೆಯಡಿ ಪೊಲೀಸರಿಗೆ ತಿಳಿಸುವುದೂ ಕಡ್ಡಾಯ. ಇಲ್ಲಿ ಪರಿಹಾರ ವ್ಯವಸ್ಥೆ ರೂಪಿಸುವವರು ಮೆಲ್ಬರ್ನಿನಿಂದ ಸಮಾಲೋಚನೆಯ ಭಾಗವನ್ನು ಕಲಿಯಲಿ, ಹಕ್ಕುಬಿಡುಗಡೆ ಪತ್ರವನ್ನಲ್ಲ.

ನನ್ನ ತೀರ್ಮಾನ ಇಷ್ಟು: ಆರೈಕೆಯ ದೃಷ್ಟಿಯಿಂದ ಮೆಲ್ಬರ್ನ್ ರೆಸ್ಪಾನ್ಸ್‌ಗೆ ಐದರಲ್ಲಿ ಮೂರು ಅಂಕ, ನ್ಯಾಯದ ದೃಷ್ಟಿಯಿಂದ ಒಂದು. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನಮ್ಮವರಲ್ಲಿ ಯಾರಿಗಾದರೂ ಪರಿಹಾರ ಕೇಳುವ ದಾರಿ ಹಿಡಿಯಬೇಕಾಗಿ ಬಂದರೆ, ಯಾವ ಪತ್ರಕ್ಕೂ ಸಹಿ ಹಾಕುವ ಮೊದಲು ‘ನೋಮೋರ್’ ಎಂಬ ಉಚಿತ ಕಾನೂನು ಸೇವೆಯಲ್ಲಿ ವಿಚಾರಿಸಿ. ರಾಷ್ಟ್ರೀಯ ಯೋಜನೆಯ ಹಣ ಪಡೆದರೆ ಸಿವಿಲ್ ದಾವೆಯ ಹಕ್ಕು ಹೋಗುತ್ತದೆ, ಆದ್ದರಿಂದ ಎರಡರಲ್ಲಿ ಯಾವುದು ತಕ್ಕದ್ದೆಂದು ಮೊದಲೇ ತೂಗಿ ನೋಡಬೇಕು. ತೊಂಬತ್ತರ ದಶಕದಲ್ಲಿ ಸಹಿ ಹಾಕಿದ ಹಳೆಯ ಪತ್ರವಿದ್ದರೆ ಅದರ ಪ್ರತಿಯನ್ನು ಕೊಂಡೊಯ್ದು, ಅದನ್ನು ರದ್ದುಪಡಿಸಲು ಸಾಧ್ಯವೇ ಎಂದು ಕೇಳಿ. ಯೋಜನೆಗೆ ಅರ್ಜಿ ಹಾಕಲು ಕೊನೆಯ ದಿನ 2027ರ ಜೂನ್ 30.